ಮುಂದೆ ವ್ಯಾಟು, ಹಿಂದೆ ತೂತು: ಹೋಮ್ ಥಿಯೇಟರ್ ರಿಸೀವರ್ ಬಂದ ದಾರಿ

ಹೋಮ್ ಥಿಯೇಟರ್ ಅಂದರೆ ನಮ್ಮ ಕಡೆ ಒಂದು ದೊಡ್ಡ ಪೆಟ್ಟಿಗೆ, ಐದು ಸಣ್ಣ ಪೆಟ್ಟಿಗೆ, ಮುಂದೆ ಮಿನುಗುವ ಲೈಟು, ಪೆನ್‌ಡ್ರೈವ್ ಹಾಕುವ ಜಾಗ, ಒಂದು ರಿಮೋಟು. ದೀಪಾವಳಿ ಹೊತ್ತಿಗೆ ತಾಲೂಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬಾಗಿಲಲ್ಲೇ ಜೋಡಿಸಿಟ್ಟಿರುತ್ತಾರೆ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ವ್ಯಾಟ್. ಹಾಡು ಹಾಕಿದರೆ ಎದೆ ಗುದ್ದುವ ಬೇಸ್ ಬರುತ್ತದೆ, ಖುಷಿಯಾಗಿ ದುಡ್ಡು ಕೊಟ್ಟು ಮನೆಗೆ ತರುತ್ತೇವೆ. ಆಮೇಲೆ ಸಿನಿಮಾ ಹಾಕಿ ಕಿವಿಗೊಟ್ಟು ಕೇಳಿದರೆ ಐದೂ ಪೆಟ್ಟಿಗೆ ಒಂದೇ ಮಾತಾಡುತ್ತಿರುತ್ತವೆ. ಮುಂದಿನದರಲ್ಲೂ ನಾಯಕನ ಡೈಲಾಗು, ಬೆನ್ನ ಹಿಂದಿನದರಲ್ಲೂ ಅದೇ ಡೈಲಾಗು.

ತಪ್ಪು ಆ ಪೆಟ್ಟಿಗೆಗಳದ್ದಲ್ಲ. ಸಿನಿಮಾದ ಒಳಗೆ ಮಡಚಿಟ್ಟಿರುವ ಐದಾರು ದನಿಗಳನ್ನು ಬಿಡಿಸಿ, ಯಾವುದು ಎಲ್ಲಿಗೆ ಹೋಗಬೇಕೆಂದು ಹಂಚಿ, ಶಕ್ತಿ ತುಂಬಿ ಕಳಿಸುವ ಯಂತ್ರವೊಂದು ಬೇಕು. ಅದು ಅಲ್ಲಿಲ್ಲ. ಆ ಯಂತ್ರದ ಹೆಸರು ಎವಿ ರಿಸೀವರ್. ಅದನ್ನು ಮೊದಲ ಸಲ ಕೊಳ್ಳಲು ಹೋದವರಿಗೆ ಮೂರು ಗೊಂದಲ ಕಾದಿರುತ್ತವೆ. ಮುಂದುಗಡೆ ವ್ಯಾಟ್ ಸಂಖ್ಯೆ, ಅದರ ಪಕ್ಕ ಸಾಲು ಸಾಲು ಲೋಗೊ, ಹಿಂದುಗಡೆ ಹತ್ತಿಪ್ಪತ್ತು ತೂತು. ಇವು ಒಂದೇ ದಿನ ಹುಟ್ಟಿದವಲ್ಲ, ಒಂದೊಂದೂ ಒಂದೊಂದು ಕಾಲದ ಗುರುತು. ಆ ಕಾಲಗಳ ಕತೆ ಗೊತ್ತಿದ್ದರೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಸಾಲ ಮಾಡಿಯೋ ಚೀಟಿ ಎತ್ತಿಯೋ ಕೊಳ್ಳುವ ಸಾಮಾನು ಇದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಹೆಸರು ರೇಡಿಯೊದ್ದು

ಸಿನಿಮಾ ದನಿಗೆ ಬಳಸುವ ಯಂತ್ರಕ್ಕೆ "ರಿಸೀವರ್" ಎಂಬ ಹೆಸರು ಏಕೆ? ಅದು ಹುಟ್ಟಿದ್ದು ರೇಡಿಯೊ ಕೇಳಲು. ಹಿಂದೆ ಒಳ್ಳೆಯ ದನಿ ಬೇಕೆನ್ನುವ ಅಮೆರಿಕನ್ನರು ರೇಡಿಯೊ ಹಿಡಿಯುವ ಟ್ಯೂನರ್ ಒಂದು, ದನಿ ತಿದ್ದುವ ಪ್ರೀ-ಆಂಪ್ಲಿಫೈಯರ್ ಒಂದು, ಸ್ಪೀಕರ್ ಓಡಿಸುವ ಪವರ್ ಆಂಪ್ಲಿಫೈಯರ್ ಒಂದು ಎಂದು ಬೇರೆ ಬೇರೆ ಡಬ್ಬ ತಂದು ವೈರ್ ಎಳೆದುಕೊಳ್ಳುತ್ತಿದ್ದರು. ಸಿಡ್ನಿ ಹಾರ್ಮನ್ ಮತ್ತು ಬರ್ನಾರ್ಡ್ ಕಾರ್ಡನ್ 1953ರಲ್ಲಿ ಕಂಪನಿ ಕಟ್ಟಿ, ಮರುವರ್ಷವೇ ಈ ಮೂರನ್ನೂ ಒಂದೇ ಡಬ್ಬಕ್ಕೆ ತುಂಬಿದ ಫೆಸ್ಟಿವಲ್ ಡಿ1000 ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. 1958ರಲ್ಲಿ ಅದರ ಸ್ಟೀರಿಯೊ ರೂಪ ಬಂತು. ಮೂರು ಡಬ್ಬದ ಜಾಗದಲ್ಲಿ ಒಂದು, ಮೂರು ಬೆಲೆಯ ಜಾಗದಲ್ಲಿ ಒಂದು ಬೆಲೆ. ಮಧ್ಯಮ ವರ್ಗದ ಮನೆಗೆ ಒಳ್ಳೆಯ ದನಿ ಬಂದದ್ದು ಹೀಗೆ. ಇವತ್ತಿನ ಅಗ್ಗದ ರಿಸೀವರ್‌ನ ಹಿಂದೆಯೂ ಎಫ್‌ಎಂ ಆಂಟೆನಾ ಸಿಕ್ಕಿಸುವ ಒಂದು ತೂತು ಇದ್ದರೆ, ಅದು ಆ ಕಾಲದ ಪಳೆಯುಳಿಕೆ. (ಹಾರ್ಮನ್ ಈಗ ಸ್ಯಾಮ್‌ಸಂಗ್ ಒಡೆತನದಲ್ಲಿದೆ, ಅದರ ಎಂಜಿನಿಯರಿಂಗ್ ಕೆಲಸದ ಒಂದು ಪಾಲು ನಡೆಯುವುದು ನಮ್ಮ ಬೆಂಗಳೂರಲ್ಲಿ.)

ಗಂಡ ಹೆಂಡತಿ ಸಿನಿಮಾಕ್ಕೆ ಹೋದರು

ಸ್ಟೀರಿಯೊ ಎಂಬುದೇ ಸಿನಿಮಾ ಮಂದಿರದಲ್ಲಿ ಹುಟ್ಟಿದ ಯೋಚನೆ. ಅಲನ್ ಬ್ಲಮ್ಲೈನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಹೆಂಡತಿಯ ಜೊತೆ ಸಿನಿಮಾ ನೋಡುತ್ತಿದ್ದಾಗ ಅವರಿಗೆ ಒಂದು ಕಿರಿಕಿರಿ ಆಯಿತಂತೆ. ನಟ ಪರದೆಯ ಆ ತುದಿಯಲ್ಲಿ ನಡೆಯುತ್ತಿದ್ದಾನೆ, ದನಿ ಮಾತ್ರ ಈ ತುದಿಯಿಂದ ಬರುತ್ತಿದೆ. ಆಗೆಲ್ಲ ಪರದೆಯ ಹಿಂದೆ ಒಂದೇ ಕಡೆಯಿಂದ ದನಿ. ನಮ್ಮ ಟೆಂಟ್ ಟಾಕೀಸುಗಳಲ್ಲಿ ಪರದೆಯ ಹಿಂದೆ ಹಾರ್ನ್ ಇಟ್ಟು ನಡೆಸುತ್ತಿದ್ದುದನ್ನು ಹಿರಿಯರು ನೆನಪಿಸಿಕೊಂಡಾರು. ಬ್ಲಮ್ಲೈನ್ ಎರಡು ಮೈಕು, ಎರಡು ದನಿಯ ದಾರಿ, ಎರಡು ಸ್ಪೀಕರ್ ಇಟ್ಟರೆ ದನಿ ನಟನ ಹಿಂದೆಯೇ ನಡೆಯುತ್ತದೆಂದು ಲೆಕ್ಕ ಹಾಕಿ 1931ರ ಡಿಸೆಂಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಆಗ ಅವರಿಗೆ 28 ವರ್ಷ. ಹೇಯ್ಸ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಓಡಾಡುವ ರೈಲುಗಳನ್ನು ಚಿತ್ರೀಕರಿಸಿ, ದನಿ ಎಡದಿಂದ ಬಲಕ್ಕೆ ಸಾಗುವುದನ್ನು ತೋರಿಸಿಯೂ ಕೊಟ್ಟರು. ಸಿನಿಮಾದವರು ಕೊಳ್ಳಲಿಲ್ಲ. 1942ರಲ್ಲಿ, ಯುದ್ಧಕ್ಕಾಗಿ ರೇಡಾರ್ ಪರೀಕ್ಷಿಸುತ್ತಿದ್ದ ವಿಮಾನ ಬಿದ್ದು ಬ್ಲಮ್ಲೈನ್ ತೀರಿಕೊಂಡರು. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು ಅವರು ಹೋಗಿ ಹದಿನೈದು ವರ್ಷವಾದ ಮೇಲೆ.

ಈ ನಡುವೆ ವಾಲ್ಟ್ ಡಿಸ್ನಿ 1940ರಲ್ಲಿ "ಫ್ಯಾಂಟೇಸಿಯ" ಎಂಬ ಚಿತ್ರಕ್ಕೆ ಪ್ರೇಕ್ಷಕರ ಸುತ್ತಲೂ ದನಿ ಹರಿಯುವ ವ್ಯವಸ್ಥೆ ಮಾಡಿಸಿದ್ದರು. ಅದ್ಭುತವಾಗಿತ್ತು, ಆದರೆ ಪ್ರತಿ ಮಂದಿರಕ್ಕೂ ಲೋಡುಗಟ್ಟಲೆ ಸಾಮಾನು ಹೊತ್ತು ಜೋಡಿಸಬೇಕಿತ್ತು, ಹಾಗಾಗಿ ಬೆರಳೆಣಿಕೆಯ ಊರುಗಳನ್ನು ದಾಟಲಿಲ್ಲ. 1950ರ ದಶಕದಲ್ಲಿ ಟಿವಿ ಬಂದು ಅಮೆರಿಕದ ಮಂದಿರಗಳು ಖಾಲಿಯಾಗತೊಡಗಿದಾಗ ಮತ್ತೆ ಈ ಆಸೆ ಚಿಗುರಿತು. 1952ರಲ್ಲಿ ಏಳು ದಾರಿಯ ದನಿಯ ಸಿನೆರಾಮಾ, 1953ರಲ್ಲಿ ನಾಲ್ಕು ದಾರಿಯ ಸಿನಿಮಾಸ್ಕೋಪ್. ಮನೆಯ ಟಿವಿಯಲ್ಲಿ ಇಲ್ಲದ್ದು ಏನೋ ಕೊಡಬೇಕಲ್ಲ. ಆದರೂ ಸಣ್ಣ ಊರಿನ ಮಂದಿರದ ಮಾಲೀಕನಿಗೆ ಇದು ದುಬಾರಿಯೇ ಆಗಿ ಉಳಿಯಿತು.

ನಾಲ್ಕನ್ನು ಎರಡರಲ್ಲಿ ಅಡಗಿಸಿದ್ದು

ರೇ ಡಾಲ್ಬಿ ಅಮೆರಿಕದ ಎಂಜಿನಿಯರ್. ಓದುವ ವಯಸ್ಸಿನಲ್ಲೇ ಆಂಪೆಕ್ಸ್ ಕಂಪನಿಯ ಮೊದಲ ವಿಡಿಯೊ ಟೇಪ್ ಯಂತ್ರದ ತಯಾರಿಯಲ್ಲಿ ಕೈ ಜೋಡಿಸಿದ್ದವರು. 1963ರಿಂದ 1965ರವರೆಗೆ ಅವರು ವಿಶ್ವಸಂಸ್ಥೆಯ ಸಲಹೆಗಾರರಾಗಿ ಇದ್ದದ್ದು ನಮ್ಮ ದೇಶದಲ್ಲೇ. ಇಲ್ಲಿಂದ ಹೋದವರೇ 1965ರಲ್ಲಿ ಲಂಡನ್ನಿನಲ್ಲಿ ಡಾಲ್ಬಿ ಲ್ಯಾಬೊರೇಟರೀಸ್ ತೆರೆದರು. ಮೊದಲ ಕೆಲಸ, ಟೇಪಿನಲ್ಲಿ ಬರುವ "ಸ್‌ಸ್‌ಸ್" ಎಂಬ ಸದ್ದನ್ನು ತಗ್ಗಿಸುವುದು. ಹಳೆಯ ಕ್ಯಾಸೆಟ್ ಡೆಕ್‌ಗಳ ಮೇಲೆ "ಡಾಲ್ಬಿ ಎನ್‌ಆರ್" ಎಂಬ ಗುಂಡಿ ನೋಡಿದ್ದರೆ ಅದು ಇದೇ. ಬೆಳಗಾವಿ ಸೀಮೆಯಲ್ಲಿ ಈಗ ಮೆರವಣಿಗೆಯ ಟ್ರ್ಯಾಕ್ಟರ್ ಮೇಲೆ ಪೇರಿಸಿ ಊರಿನ ಕಿಟಕಿ ನಡುಗಿಸುವ ಸೌಂಡ್ ಸಿಸ್ಟಮ್ಮಿಗೆ "ಡಾಲ್ಬಿ" ಅನ್ನುತ್ತಾರೆ. ಬೇಡದ ಸದ್ದು ತೆಗೆಯಲು ಜೀವ ತೇದವರ ಹೆಸರು ಹೋಗಿ ಎಲ್ಲಿ ಕೂತಿತು ನೋಡಿ!

1970ರ ದಶಕದ ಆರಂಭದಲ್ಲಿ ಸಂಗೀತದ ಕಂಪನಿಗಳು "ಕ್ವಾಡ್ರಫೋನಿಕ್" ಎಂಬ ನಾಲ್ಕು ಸ್ಪೀಕರಿನ ವ್ಯವಸ್ಥೆ ಮಾರಲು ಹೊರಟವು. ಸಿಬಿಎಸ್ ಕಂಪನಿಯದು ಒಂದು ಪದ್ಧತಿ, ಸ್ಯಾನ್ಸುಯಿಯದು ಇನ್ನೊಂದು, ಜೆವಿಸಿಯದು ಮತ್ತೊಂದು. ಒಂದರ ತಟ್ಟೆ ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ದುಬಾರಿ ರಿಸೀವರ್ ತಂದವರ ಮನೆಯಲ್ಲಿ ಯಂತ್ರ ಇದೆ, ಹಾಕಲು ತಟ್ಟೆ ಇಲ್ಲ. ಹತ್ತು ವರ್ಷ ತುಂಬುವ ಮೊದಲೇ ಅಷ್ಟೂ ಮುಗಿದುಹೋಯಿತು. ಹೊಸ ಲೋಗೊ ಅಂಟಿಸಿದ ಯಂತ್ರವನ್ನು ನೋಡಿದಾಗಲೆಲ್ಲ ಈ ಕತೆ ನೆನಪಿಗೆ ಬಂದರೆ ಒಳ್ಳೆಯದು.

ಆದರೆ ಆ ಸೋಲಿನ ಹಿಂದಿದ್ದ ಲೆಕ್ಕ ಸೋಲಲಿಲ್ಲ. ಡಾಲ್ಬಿ ಕಂಪನಿ ಅದನ್ನು ಸಿನಿಮಾಕ್ಕೆ ತಂದಿತು. ಫಿಲ್ಮಿನ ಅಂಚಿನಲ್ಲಿ ಇದ್ದ ಜಾಗ ಎರಡು ದನಿಯ ದಾರಿಗೆ ಮಾತ್ರ. ಅದರಲ್ಲಿ ಎಡ, ಬಲ, ನಡು, ಹಿಂದೆ ಎಂಬ ನಾಲ್ಕನ್ನು ಹೇಗೆ ತುಂಬುವುದು? ನಡುವಿನ ದನಿಯನ್ನು, ಅಂದರೆ ಮಾತನ್ನು, ಎರಡೂ ದಾರಿಯಲ್ಲಿ ಸಮಸಮವಾಗಿ ಹಾಕಿದರು. ಹಿಂದಿನ ದನಿಯನ್ನು ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ಉಲ್ಟಾ ಆಗಿ ಹಾಕಿದರು. ಮಂದಿರದ ಯಂತ್ರ ಎರಡನ್ನೂ ಹೋಲಿಸಿ ನೋಡುತ್ತದೆ. ಎರಡರಲ್ಲೂ ಒಂದೇ ಥರ ಇರುವುದು ನಡುವಿಗೆ, ಒಂದಕ್ಕೊಂದು ಉಲ್ಟಾ ಇರುವುದು ಬೆನ್ನ ಹಿಂದಕ್ಕೆ. 1977ರಲ್ಲಿ "ಸ್ಟಾರ್ ವಾರ್ಸ್" ಬಂದಾಗ ಜನ ಮುಗಿಬಿದ್ದು ಕೇಳಿದ್ದು ಈ ದನಿಯನ್ನು.

ಅಮೆರಿಕದ ಡೇವಿಡ್ ಹ್ಯಾಫ್ಲರ್ ಎಂಬ ಎಂಜಿನಿಯರ್ ಈ "ಉಲ್ಟಾ" ದನಿಯನ್ನು ಹಿಡಿಯಲು ಯಂತ್ರವೇ ಬೇಡ ಅಂದಿದ್ದರು. ಮಾಮೂಲಿ ಸ್ಟೀರಿಯೊ ಆಂಪ್ಲಿಫೈಯರಿನ ಎಡದ ಕೆಂಪು ತುದಿಗೆ ಒಂದು ವೈರ್, ಬಲದ ಕೆಂಪು ತುದಿಗೆ ಇನ್ನೊಂದು ವೈರ್, ಎರಡನ್ನೂ ಒಂದೇ ಹಿಂದಿನ ಸ್ಪೀಕರಿಗೆ ಕೊಡಿ. ಎರಡರಲ್ಲೂ ಸಮ ಇರುವ ಮಾತು ಅಲ್ಲೇ ಕಳೆದುಹೋಗಿ, ವ್ಯತ್ಯಾಸ ಮಾತ್ರ ಕೇಳುತ್ತದೆ. ಮಳೆ, ಗಾಳಿ, ಚಪ್ಪಾಳೆ ಹಿಂದಿನಿಂದ ಬರುತ್ತದೆ. ಕೇಳಿದೊಡನೆ ಮಾಡಿ ನೋಡೋಣ ಅನ್ನಿಸುತ್ತದೆ. ಆದರೆ ಬ್ರಿಡ್ಜ್ ಮಾಡಿದ ಆಂಪ್ಲಿಫೈಯರ್ ಮೇಲೆ, ಈಗಿನ ಸಣ್ಣ ಡಿಜಿಟಲ್ ಬೋರ್ಡುಗಳ ಮೇಲೆ ಈ ಪ್ರಯೋಗ ಬೇಡ, ಸುಟ್ಟೀತು.

ನಾಲ್ಕು ದನಿ ಎರಡು ದಾರಿಯಲ್ಲಿ ಅಡಗಿದ್ದರಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಮನೆಯ ವಿಡಿಯೊ ಕ್ಯಾಸೆಟ್ಟಿನ ಸ್ಟೀರಿಯೊ ದಾರಿಗೆ ಆ ಸಿನಿಮಾ ನಕಲಾದಾಗ ಹಿಂದಿನ ದನಿಯೂ ಗುಟ್ಟಾಗಿ ಜೊತೆಗೇ ಬಂತು. ಅದನ್ನು ಬಿಡಿಸುವ ಚಿಪ್ಪನ್ನು 1982ರಿಂದ ಮನೆಯ ಯಂತ್ರಗಳಿಗೆ ಕೊಡತೊಡಗಿದರು. 1987ರಲ್ಲಿ ನಡುವಿನ ಮಾತನ್ನೂ ಚೆನ್ನಾಗಿ ಬೇರ್ಪಡಿಸುವ "ಪ್ರೊ ಲಾಜಿಕ್" ಬಂತು. ರೇಡಿಯೊ ಕೇಳುವ ರಿಸೀವರ್, ಸಿನಿಮಾ ಕೇಳುವ ರಿಸೀವರ್ ಆದದ್ದು ಇಲ್ಲಿ. ಇದೇ ಲೆಕ್ಕದ ಮಕ್ಕಳು ಮೊಮ್ಮಕ್ಕಳು ಇವತ್ತಿನ ರಿಸೀವರಿನಲ್ಲೂ ಇವೆ. ಎರಡೇ ದಾರಿಯ ಹಳೆಯ ಹಾಡು, ಡಿಶ್ಶಿನ ಟಿವಿ ಕಾರ್ಯಕ್ರಮವನ್ನು ಐದು ಸ್ಪೀಕರಿಗೆ ಹಂಚುವುದು ಅವೇ. ಅಗ್ಗದ ಸೆಟ್ಟಿನಲ್ಲಿ ಆಗುವುದು ಹಂಚಿಕೆ ಅಲ್ಲ, ಬರೀ ನಕಲು.

5.1 ಅಂದರೆ

ಈ ಹೆಸರನ್ನು 1987ರಲ್ಲಿ ಮುಂದಿಟ್ಟವರು ಟಾಮ್ಲಿನ್ಸನ್ ಹೋಲ್ಮನ್. ಮುಂದೆ ಮೂರು, ಹಿಂದೆ ಎರಡು, ಒಟ್ಟು ಐದು ಪೂರ್ತಿ ದನಿ. ಗುಡುಗು ಸಿಡಿಲಿಗೆ ಮೀಸಲಾದ ಆರನೆಯದಕ್ಕೆ ಕೆಳಗಿನ ಸ್ವರಗಳಷ್ಟೇ ಸಾಕು, ಪೂರ್ತಿ ದಾರಿ ಬೇಡ. ಅದಕ್ಕೇ ಅದು "ಪಾಯಿಂಟ್ ಒಂದು". ಅಂಗಡಿಯವರು ಪಾಯಿಂಟ್ ಒಂದನ್ನೇ ದೊಡ್ಡದು ಮಾಡಿ ಮಾರುತ್ತಾರೆ, ಏಕೆಂದರೆ ಕೇಳಿದ ಕೂಡಲೇ ಮರುಳಾಗುವುದು ಅದಕ್ಕೇ.

1992ರಲ್ಲಿ "ಬ್ಯಾಟ್‌ಮ್ಯಾನ್ ರಿಟರ್ನ್ಸ್" ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಬಂತು. ಫಿಲ್ಮನ್ನು ಎಳೆಯುವ ಹಲ್ಲುಗಳ ತೂತುಗಳ ನಡುವಿನ ಚೂರು ಜಾಗದಲ್ಲಿ ಆರು ದನಿಗಳ ಲೆಕ್ಕವನ್ನು ಚುಕ್ಕಿಗಳಾಗಿ ಅಚ್ಚು ಹಾಕಿದ್ದರು. ಮರುವರ್ಷ "ಜುರಾಸಿಕ್ ಪಾರ್ಕ್" ಜೊತೆ ಡಿಟಿಎಸ್ ಬಂತು. ಅದರಲ್ಲಿ ದನಿ ಫಿಲ್ಮಿನಲ್ಲಿ ಇರುವುದೇ ಇಲ್ಲ, ಬೇರೆ ಸಿಡಿಯಲ್ಲಿ ಇರುತ್ತದೆ. ಫಿಲ್ಮಿನಲ್ಲಿ ಇರುವುದು ಎರಡೂ ಜೊತೆಗೆ ಓಡಲು ಬೇಕಾದ ಗುರುತು ಮಾತ್ರ. ನಮ್ಮ ತಾಲೂಕು ಮಂದಿರಗಳ ಗೋಡೆಯ ಮೇಲೆ "ಡಿಟಿಎಸ್" ಎಂದು ಬರೆಸಿ ಟಿಕೆಟ್ ಮಾರಿದ ಕಾಲ ನಿಮಗೆ ನೆನಪಿರಬಹುದು. ಹೊರದೇಶಗಳಲ್ಲಿ 1996-97ರಲ್ಲಿ ಡಿವಿಡಿ ಬಂದು ಈ ಆರು ದನಿಗಳು ನೇರವಾಗಿ ಮನೆಗೆ ಬಂದವು. ಸಿನಿಮಾ ಮೊದಲು, ತಟ್ಟೆ ಆಮೇಲೆ, ಅದನ್ನು ಬಿಡಿಸುವ ರಿಸೀವರ್ ಕೊನೆಗೆ. ಅಲ್ಲಿನ ಅನುಕ್ರಮ ಇದು.

ನಮ್ಮ ಹಳ್ಳಿಗಳಲ್ಲಿ ಇದು ತಿರುವುಮುರುವಾಯಿತು. ನಮ್ಮಲ್ಲಿ ಮೊದಲು ಬಂದದ್ದು ವಿಸಿಡಿ. ಬಾಡಿಗೆಗೆ ತಂದು ರಾತ್ರಿಯೆಲ್ಲ ನೋಡಿದ ಆ ತಟ್ಟೆಗಳಲ್ಲಿ ಇದ್ದದ್ದು ಎರಡೇ ದನಿಯ ದಾರಿ, 5.1 ಅದರಲ್ಲಿ ಹಿಡಿಸುವುದೇ ಇಲ್ಲ. ಆಮೇಲೆ ಮೆಮರಿ ಕಾರ್ಡು, ಪೆನ್‌ಡ್ರೈವು, ಎಂಪಿ3. ಅದರಲ್ಲೂ ಎರಡೇ. ಬಿಡಿಸಬೇಕಾದ ಗಂಟೇ ಇಲ್ಲದಿದ್ದಾಗ ಬಿಡಿಸುವ ಯಂತ್ರ ಯಾರಿಗೆ ಬೇಕು? ಹಾಗಾಗಿ ಐದು ಪೆಟ್ಟಿಗೆಗೂ ಅದೇ ದನಿ ಊದುವ ಸೆಟ್ಟುಗಳು "5.1" ಎಂಬ ಹೆಸರಲ್ಲಿ ಬಂದು ಕೂತವು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬೋರ್ಡು ತಂದು ಊರಿನ ಮೆಕ್ಯಾನಿಕ್ಕುಗಳು ಜೋಡಿಸಿಕೊಟ್ಟ ಆಂಪ್ಲಿಫೈಯರುಗಳೂ ಹಾಗೇ. ಅವರನ್ನು ದೂರುವಂತಿಲ್ಲ, ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಕಾಲ ಬದಲಾದದ್ದು ಮೊಬೈಲ್ ಡೇಟಾ, ಸ್ಮಾರ್ಟ್ ಟಿವಿ, ಒಟಿಟಿ ಬಂದ ಮೇಲೆ. ಈಗ ಮನೆಯ ಟಿವಿಗೆ ಬರುವ ಎಷ್ಟೋ ಸಿನಿಮಾಗಳಲ್ಲಿ ನಿಜವಾದ ಆರು ದನಿಗಳಿವೆ. ಗಂಟು ಬಂದಿದೆ, ಬಿಡಿಸುವವನಿಲ್ಲ.

ವ್ಯಾಟಿನ ಸುಳ್ಳು

1960ರ ದಶಕದಲ್ಲಿ ಅಮೆರಿಕದ ಕಂಪನಿಗಳೂ ವ್ಯಾಟ್ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದವು. "ಪೀಕ್ ಪವರ್", "ಮ್ಯೂಸಿಕ್ ಪವರ್" ಎಂದು ಏನೇನೋ ಹೆಸರು. ಕಣ್ಣು ಮಿಟುಕಿಸುವಷ್ಟು ಹೊತ್ತು ಕೊಡಬಹುದಾದ ಶಕ್ತಿಯನ್ನು ದಿನವಿಡೀ ಕೊಡುವ ಶಕ್ತಿ ಎಂಬಂತೆ ಅಚ್ಚು ಹಾಕುತ್ತಿದ್ದರು. ಕೊನೆಗೆ 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂದಿತು. ವ್ಯಾಟ್ ಹೇಳುವುದಾದರೆ ಎಷ್ಟು ಓಮ್ ಸ್ಪೀಕರಿಗೆ, ಯಾವ ಸ್ವರದಿಂದ ಯಾವ ಸ್ವರದವರೆಗೆ, ಎಷ್ಟು ಕೆಡುಕಿನೊಂದಿಗೆ ಎಂಬುದನ್ನೂ ಹೇಳಬೇಕು. ಅಳೆಯುವ ಮೊದಲು ಯಂತ್ರವನ್ನು ಮೂರನೇ ಒಂದು ಪಾಲು ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ ಕಾಯಿಸಬೇಕು. ಆಂಪ್ಲಿಫೈಯರ್ ಹೆಚ್ಚು ಬಿಸಿಯಾಗುವುದು ಪೂರ್ತಿ ದನಿಯಲ್ಲಲ್ಲ, ಹೆಚ್ಚೂಕಡಿಮೆ ಆ ಮಟ್ಟದಲ್ಲಿ. ಒಳಗಿನ ಕಬ್ಬಿಣ, ಅಲ್ಯುಮಿನಿಯಂ ಕಡಿಮೆ ಹಾಕಿದವನು ಅಲ್ಲೇ ಸಿಕ್ಕಿಬೀಳುತ್ತಿದ್ದ.

ಸುಳ್ಳು ಹೇಳುವಂತಿಲ್ಲ ಎಂದಾದ ಮೇಲೆ ಕಂಪನಿಗಳು ನಿಜವಾದ ವ್ಯಾಟಿನಲ್ಲೇ ಪೈಪೋಟಿಗೆ ಇಳಿದವು. 1978ರ ಪಯೋನೀರ್ ಎಸ್‌ಎಕ್ಸ್-1980 ಎಂಬ ರಿಸೀವರ್ ಒಂದೊಂದು ಕಡೆಗೆ 270 ವ್ಯಾಟ್ ಕೊಡುತ್ತಿತ್ತು, ತೂಕ ಸುಮಾರು 35 ಕಿಲೊ. ಅರ್ಧ ಮೂಟೆಗಿಂತ ಹೆಚ್ಚು ಭಾರ. ಆ ಲೆಕ್ಕದಲ್ಲಿ, ಒಂದೇ ಕೈಯಲ್ಲಿ ಎತ್ತುವ ಡಬ್ಬದ ಮೇಲೆ ಸಾವಿರಾರು ವ್ಯಾಟ್ ಬರೆದದ್ದು ಕಂಡರೆ ನೀವೇ ತೂಗಿ ನೋಡಿ.

ನಮ್ಮಲ್ಲಿ 1990ರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ ಬಂದ ಸ್ಟಿಕ್ಕರ್ ಪಿಎಂಪಿಒ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ 4440 ಐಸಿಯನ್ನೇ ತೆಗೆದುಕೊಳ್ಳಿ. ಸ್ಯಾನ್ಯೊ ಕಂಪನಿ ತನ್ನ ಕಾಗದದಲ್ಲಿ ಬರೆದಿದ್ದು ಒಂದೊಂದು ಕಡೆಗೆ 6 ವ್ಯಾಟ್, ಎರಡನ್ನೂ ಸೇರಿಸಿ ಬ್ರಿಡ್ಜ್ ಮಾಡಿದರೆ 19 ವ್ಯಾಟ್. ಪಾಪದ ಐಸಿ ಸತ್ಯವನ್ನೇ ಹೇಳಿತ್ತು, ಸ್ಟಿಕ್ಕರ್ ಅಂಟಿಸಿದವರು ಹೇಳಲಿಲ್ಲ.

ಇನ್ನು ಹೆಸರಾಂತ ರಿಸೀವರುಗಳು. 2018ರಲ್ಲಿ ಬಂದ ಯಮಾಹ ಆರ್‌ಎಕ್ಸ್-ವಿ385, ಮೊದಲ ಸಲ ಕೊಳ್ಳುವವರ ಅಗ್ಗದ 5.1 ರಿಸೀವರ್. ಅದಕ್ಕೆ ಕಂಪನಿಯೇ ಮೂರು ಸಂಖ್ಯೆ ಕೊಟ್ಟಿದೆ. 6 ಓಮ್ ಸ್ಪೀಕರಿಗೆ, ಎಲ್ಲ ಸ್ವರಗಳಲ್ಲೂ, ಎರಡು ಕಡೆ ಒಟ್ಟಿಗೆ ಓಡಿಸಿದಾಗ 70 ವ್ಯಾಟ್. 6 ಓಮಿಗೆ, ಒಂದೇ ಸ್ವರದಲ್ಲಿ, ಒಂದೇ ಕಡೆ ಓಡಿಸಿದಾಗ 100 ವ್ಯಾಟ್. ಅದನ್ನೇ ದನಿ ಶೇಕಡ 10ರಷ್ಟು ಕೆಡುವವರೆಗೂ ತಳ್ಳಿದರೆ 135 ವ್ಯಾಟ್. ಯಂತ್ರ ಒಂದೇ, ಮೂರೂ ನಿಜ. ಕಂಪನಿ ಮುಚ್ಚಿಟ್ಟೇನೂ ಇಲ್ಲ. ಆದರೆ ಮಾರುವವರ ಬಾಯಲ್ಲಿ ಬರುವುದು ಕೊನೆಯದು, ಅದನ್ನೂ ಐದರಿಂದ ಗುಣಿಸಿ. ನಿಮಗೆ ಬೇಕಾದದ್ದು ಮೊದಲನೆಯದು. ಯಾವ ಕಂಪನಿಯ ರಿಸೀವರ್ ಆದರೂ "20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್, 2 ಚಾನೆಲ್" ಎಂದು ಬರೆದ ಸಾಲನ್ನು ಹುಡುಕಿ, ಹೋಲಿಸುವುದಾದರೆ ಆ ಸಾಲನ್ನೇ ಹೋಲಿಸಿ. ಅಮೆರಿಕದಲ್ಲೂ ಎರಡು ಸ್ಪೀಕರಿನ ಕಾಲದ ನಿಯಮ ಐದು ಸ್ಪೀಕರಿನ ಕಾಲಕ್ಕೆ ಸಡಿಲವಾಗಿ, 2024ರಲ್ಲಿ ಅದನ್ನು ಮತ್ತೆ ಬಿಗಿ ಮಾಡಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು: ವ್ಯಾಟಿಗೆ ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ವ್ಯಾಟ್ ಎರಡು ಪಟ್ಟಾದರೆ ದನಿ ಎರಡು ಪಟ್ಟಾಗುವುದಿಲ್ಲ, 3 ಡೆಸಿಬಲ್ ಹೆಚ್ಚುತ್ತದೆ, ಅಂದರೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ ಅಷ್ಟೆ. ದನಿ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 70ಕ್ಕೂ 100ಕ್ಕೂ ಇರುವ ವ್ಯತ್ಯಾಸ ಒಂದೂವರೆ ಡೆಸಿಬಲ್. ಅದೇ ಸ್ಪೀಕರಿನ ಹಿಂದೆ ಬರೆದ ಸೆನ್ಸಿಟಿವಿಟಿ 86ರ ಬದಲು 92 ಡೆಸಿಬಲ್ ಇದ್ದರೆ ನಾಲ್ಕು ಪಟ್ಟು ವ್ಯಾಟ್ ಕೊಂಡಷ್ಟೇ ಲಾಭ. ನಡುಮನೆಯಷ್ಟು ಜಾಗಕ್ಕೆ ನಿಜವಾದ 50-70 ವ್ಯಾಟ್ ಸಾಕೋಸಾಕು.

ಹಿಂದಿನ ತೂತುಗಳು

ರಿಸೀವರಿನ ಬೆನ್ನು ತಿರುಗಿಸಿದರೆ ಐವತ್ತು ವರ್ಷದ ಚರಿತ್ರೆ ಒಂದೇ ಕಡೆ ಕಾಣುತ್ತದೆ. ಕೆಂಪು-ಬಿಳಿ ತೂತುಗಳು ಗ್ರಾಮಫೋನ್, ಟೇಪಿನ ಕಾಲದವು. ಹಳದಿಯದು ವಿಸಿಆರ್ ಕಾಲದ್ದು. ಸಣ್ಣ ಮುಚ್ಚಳದ ಚೌಕ ತೂತು ಆಪ್ಟಿಕಲ್, ಡಿವಿಡಿ ಕಾಲದಲ್ಲಿ ಮನೆಮನೆಗೆ ಬಂದದ್ದು. ಕೊನೆಯದು ಚಪ್ಪಟೆಯ ಎಚ್‌ಡಿಎಂಐ, 2002ರ ಕೊನೆಗೆ ಬಂದದ್ದು. ಮೊದಲು ಅದರಲ್ಲಿ ದನಿ ಚಿತ್ರಗಳು ಟಿವಿಯತ್ತ ಮಾತ್ರ ಹೋಗುತ್ತಿದ್ದವು. 2009ರಲ್ಲಿ ಎಆರ್‌ಸಿ ಎಂಬ ಅನುಕೂಲ ಸೇರಿ, ಟಿವಿಯ ದನಿ ಅದೇ ಕೇಬಲ್ಲಿನಲ್ಲಿ ಹಿಂದಿರುಗಿ ರಿಸೀವರಿಗೆ ಬರುವಂತಾಯಿತು.

ನಮಗೆ ಮುಖ್ಯವಾದದ್ದು ಇದೇ. ನಮ್ಮ ಸಿನಿಮಾ ಈಗ ಬರುವುದು ಟಿವಿಯೊಳಗಿನ ಆ್ಯಪಿನಿಂದ. ಒಟಿಟಿಯವರು ಹೆಚ್ಚಾಗಿ ಕಳಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ರೂಪದಲ್ಲಿ. ಆಪ್ಟಿಕಲ್ ಕೇಬಲ್ಲಿನಲ್ಲಿ ಅದು ಹಾಯುವುದಿಲ್ಲ, ಹಳೆಯ ಡಾಲ್ಬಿ ಡಿಜಿಟಲ್, ಡಿಟಿಎಸ್ ಹಾಯುತ್ತವೆ. ಟಿವಿ ತಾನೇ ಹಳೆಯ ರೂಪಕ್ಕೆ ಬದಲಿಸಿ ಕೊಟ್ಟರೆ ಆಪ್ಟಿಕಲ್ಲೂ ಸಾಕು, ಎಷ್ಟೋ ಟಿವಿಗಳು ಕೊಡುತ್ತವೆ. ಎಆರ್‌ಸಿ ಇದ್ದರೆ ಆ ಚಿಂತೆ ಇಲ್ಲ. ಆದ್ದರಿಂದ ರಿಸೀವರಿನ ಮೇಲೂ ನಿಮ್ಮ ಟಿವಿಯ ಮೇಲೂ "ಎಆರ್‌ಸಿ" ಎಂದು ಬರೆದ ತೂತು ಇದೆಯೇ ಎಂದು ಮನೆಯಿಂದ ಹೊರಡುವ ಮೊದಲೇ ಟಿವಿಯ ಹಿಂದೆ ಟಾರ್ಚ್ ಬಿಟ್ಟು ನೋಡಿಕೊಳ್ಳಿ.

8ಕೆ, ಏಳು ಒಂಬತ್ತು ಸ್ಪೀಕರು, ಚಾವಣಿಯಿಂದ ದನಿ ಬರುವ ಆಟ್ಮಾಸ್ ಇವೆಲ್ಲ ಮೊದಲ ಸೆಟ್ಟಿಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಆಟ್ಮಾಸ್ 2012ರಲ್ಲಿ ಮಂದಿರಕ್ಕೆ, 2014ರಲ್ಲಿ ಮನೆಗೆ ಬಂತು, ಒಳ್ಳೆಯದೇ. ಆದರೆ ಹೆಂಚಿನ ಮನೆ, ಶೀಟಿನ ಮನೆಯಲ್ಲಿ ಅದಕ್ಕೆ ಸ್ಪೀಕರ್ ಕೂರಿಸುವುದೇ ಒಂದು ಸಾಹಸ. ಹೊಸದರ ಹಿಂದೆ ಓಡಿದವರಿಗೆ 2020ರಲ್ಲೂ ಪೆಟ್ಟು ಬಿದ್ದಿತ್ತು. ಆಗ ಬಂದ ಹೊಸ ಎಚ್‌ಡಿಎಂಐ 2.1 ಚಿಪ್ಪಿನ ದೋಷದಿಂದ ದುಬಾರಿ ರಿಸೀವರುಗಳೇ ಹೊಸ ಗೇಮ್ ಯಂತ್ರದ ಚಿತ್ರವನ್ನು ದಾಟಿಸಲಾರದೆ ಕೂತವು.

ಸೆಕೆಂಡ್ ಹ್ಯಾಂಡ್ ಕೊಳ್ಳಲು ಹಿಂಜರಿಯಬೇಡಿ. ಹತ್ತು ವರ್ಷ ಹಳೆಯ ಒಳ್ಳೆಯ ಕಂಪನಿಯ ರಿಸೀವರ್ ಈಗಲೂ ಐದು ದನಿ ಬಿಡಿಸುತ್ತದೆ. 4ಕೆ ಚಿತ್ರ ಅದರಲ್ಲಿ ಹಾಯದಿದ್ದರೆ ಚಿತ್ರವನ್ನು ನೇರ ಟಿವಿಗೇ ಕೊಟ್ಟು ದನಿಯನ್ನು ಮಾತ್ರ ಎಆರ್‌ಸಿಯಲ್ಲಿ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಅರ್ಧ ಗಂಟೆ ಓಡಿಸಿ, ಐದೂ ಕಡೆಯಿಂದ ದನಿ ಬರುತ್ತದೆಯೇ, ಎಲ್ಲ ಎಚ್‌ಡಿಎಂಐ ತೂತು ಜೀವಂತ ಇವೆಯೇ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆಯೇ ನೋಡಿ. ಜೊತೆಗೆ ಬಂದ ಮೈಕು ಇದ್ದರೆ ಕೇಳಿ ಪಡೆಯಿರಿ, ಕೋಣೆಗೆ ತಕ್ಕಂತೆ ದನಿ ಹೊಂದಿಸಲು ಬೇಕು. ಎಲ್ಲಕ್ಕಿಂತ ಮೊದಲು ಬೆನ್ನಿನ ಮೇಲಿನ ವೋಲ್ಟೇಜ್ ಓದಿ. ಜಪಾನಿನ ಯಂತ್ರ 100, ಅಮೆರಿಕದ್ದು 120 ವೋಲ್ಟಿನದು. ಹೊರದೇಶದಿಂದ ಯಾರೋ ತಂದ ಅಂಥದ್ದನ್ನು ನಮ್ಮ 230ಕ್ಕೆ ನೇರವಾಗಿ ಸಿಕ್ಕಿಸಿದರೆ ಅದರ ಕತೆ ಅಲ್ಲಿಗೆ ಮುಗಿಯಿತು. ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಲದು, ಡಿಶ್ಶಿನ ಕೇಬಲ್ಲನ್ನೂ ಬಿಡಿಸಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಒಟ್ಟು ಬಜೆಟ್ಟಿನಲ್ಲಿ ರಿಸೀವರಿಗೇ ಮುಕ್ಕಾಲು ಪಾಲು ಸುರಿದು ಆಟಿಕೆಯಂಥ ಸ್ಪೀಕರ್ ತರುವುದಕ್ಕಿಂತ, ರಿಸೀವರ್ ಮತ್ತು ಎರಡೇ ಎರಡು ಒಳ್ಳೆಯ ಸ್ಪೀಕರಿನಿಂದ ಶುರು ಮಾಡಬಹುದು. ಸೆಟ್ಟಿಂಗ್‌ನಲ್ಲಿ ನಡುವಿನ ಸ್ಪೀಕರ್ "ಇಲ್ಲ" ಎಂದು ಒತ್ತಿದರೆ ರಿಸೀವರ್ ಮಾತನ್ನು ಎರಡಕ್ಕೂ ಸಮನಾಗಿ ಹಂಚಿ, ನಟ ಪರದೆಯ ನಡುವಿನಿಂದಲೇ ಮಾತಾಡಿದಂತೆ ಕೇಳಿಸುತ್ತದೆ. ಬ್ಲಮ್ಲೈನ್ ಹಾಕಿದ್ದೂ ಇದೇ ಲೆಕ್ಕ. ಅಡಿಕೆಯೋ ರೇಷ್ಮೆಯೋ ದುಡ್ಡು ಬಂದ ವರ್ಷ ನಡುವಿನದನ್ನು ತನ್ನಿ, ಅದಕ್ಕೂ ಮುಂದಿನ ವರ್ಷ ಹಿಂದಿನ ಎರಡನ್ನು. ಗುದ್ದುವ ಸಬ್‌ವೂಫರ್ ಯಾವಾಗ ತರಬೇಕೆಂದು ಮನೆಯ ಹುಡುಗರು ಹೇಗೂ ನೆನಪಿಸುತ್ತಾರೆ.